ಪಾಳುಬಾವಿಯ ಕರೆ: ಅಳಿಸಿಹೋದ ಒಂದು ರೇಡಿಯೋ ನಾಟಕದ ಬೆನ್ನು ಹತ್ತಿ

ರೇಡಿಯೋ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಸೇಡಂನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. "ಸುಶೀಲಕ್ಕಾ, ನಿಮ್ಮ ಕಾಲದಾಗ ಹೆಂಗಿತ್ರಿ?" ಎಂದು ಕೇಳುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ವರ್ಗ ಎಲ್ಲಿಗಾಯಿತು ಎಂಬ ಪುರಾಣ ನಾನು ಬಿಚ್ಚುವುದಿಲ್ಲ. ಬಿಚ್ಚಿದರೆ ಮೊದಲು ಆಕಳಿಕೆ ಬರುವುದು ನನಗೇ. ಚಹಾ ಕೊಟ್ಟು ಒಂದೇ ಮಾತು ಹೇಳುತ್ತೇನೆ: ಯಾವುದನ್ನಾದರೂ ಅಳಿಸುವ ಮುಂಚೆ ಒಮ್ಮೆ ಪೂರ್ತಿ ಕೇಳಿರಿ. ಅವರು ತಲೆಯಾಡಿಸುತ್ತಾರೆ, ಅಂಗಳ ದಾಟಿದ ಮೇಲೆ ನಗುತ್ತಾರೆ. ನಗಲಿ ಬಿಡಿ. ಆ ಮಾತು ಎಲ್ಲಿಂದ ಬಂತು ಎಂದು ತಿಳಿಯಲೆಂದೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನದು ಟೇಪ್ ಲೈಬ್ರರಿಯ ಕೆಲಸ. ಸ್ಟೇಷನ್ನಿನ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಚೌಕನೆಯ ರಟ್ಟಿನ ಡಬ್ಬಿಗಳು, ಒಂದೊಂದರಲ್ಲೂ ಒಂದೊಂದು ಟೇಪಿನ ಸುರುಳಿ. ಹೊಸ ಟೇಪು ನಮ್ಮ ಕಡೆಗೆ ಬರುತ್ತಿದ್ದದ್ದೇ ಅಪರೂಪ. ಹಾಗಾಗಿ ಒಂದು ಕಾರ್ಯಕ್ರಮ ಪ್ರಸಾರವಾದ ಕೂಡಲೇ ಅದನ್ನು ಅಳಿಸಿ, ಅದೇ ಟೇಪನ್ನು ಇನ್ನೊಂದಕ್ಕೆ ಕೊಡುವುದು ಪದ್ಧತಿ. ಡಬ್ಬಿಯ ಮೇಲಿನ ಹೆಸರಿಗೆ ಗೀಟು ಎಳೆದು ಕೆಳಗೆ ಹೊಸ ಹೆಸರು ಬರೆಯುತ್ತಿದ್ದೆವು. ಭಜನೆಯ ಕೆಳಗೆ ತೊಗರಿ ಬೆಳೆ, ತೊಗರಿಯ ಕೆಳಗೆ ಕುಟುಂಬ ಯೋಜನೆ, ಅದರ ಕೆಳಗೆ ಮತ್ತೆ ಭಜನೆ. ಯಾರ ದನಿಯ ಮೇಲೆ ಯಾರು ಕೂತಿದ್ದಾರೆ ಎಂದು ಕೇಳುವವರಿರಲಿಲ್ಲ.

ಅಳಿಸುವ ಯಂತ್ರವೆಂದರೆ ರೊಟ್ಟಿಯ ಹಂಚಿನಷ್ಟು ಅಗಲದ ಒಂದು ಕಬ್ಬಿಣದ ಪೆಟ್ಟಿಗೆ. ಸ್ವಿಚ್ ಒತ್ತಿದರೆ ಗುಂಯ್ ಎನ್ನುತ್ತಿತ್ತು. ಸುರುಳಿಯನ್ನು ಅದರ ಮೇಲಿಟ್ಟು ನಿಧಾನಕ್ಕೆ ತಿರುಗಿಸಬೇಕು, ತಿರುಗಿಸುತ್ತಲೇ ದೂರ ಒಯ್ಯಬೇಕು. ಕೈಗಡಿಯಾರ ಕಳಚಿಡಬೇಕು. ಮೈಸೂರು ಕಡೆಯಿಂದ ಬಂದ ನಮ್ಮ ಸಾಹೇಬರೊಬ್ಬರು "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತೇನ್ರೀ, ಕೊಡಿ ಇಲ್ಲಿ" ಎಂದು ತಾವೇ ಕೈ ಹಾಕಿದರು. ಮಾವನ ಮನೆಯಿಂದ ಬಂದ ಗಡಿಯಾರ ಅಲ್ಲೇ ನಿಂತಿತು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅವರು ಅಳಿಸಿದ್ದು ಮರುದಿನ ಬೆಳಿಗ್ಗೆ ಪ್ರಸಾರವಾಗಬೇಕಿದ್ದ ಅವರದೇ ಭಾಷಣ. ನಾವೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

ಆದರೆ ಆ ಕೋಣೆಯಲ್ಲಿ ನಗು ಬಾರದ ದಿನಗಳೂ ಇದ್ದವು. ಟೇಪನ್ನು ಬಹಳ ಕಾಲ ಸುತ್ತಿಟ್ಟರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಸಣ್ಣಗೆ ಇಳಿಯುತ್ತದೆ. ಆಮೇಲೆ ಹಚ್ಚಿದರೆ, ಮನುಷ್ಯ ಬಾಯಿ ತೆರೆಯುವ ಮುಂಚೆಯೇ ಅವನ ಮಾತು ಬಹಳ ದೂರದಿಂದ ಬಂದು ಹೋಗುತ್ತದೆ. ನಂತರ ಅವನು ಅದನ್ನೇ ಗಟ್ಟಿಯಾಗಿ ಹೇಳುತ್ತಾನೆ. ಇದು ಅಯಸ್ಕಾಂತದ ಗುಣ ಅಷ್ಟೇ, ದೆವ್ವವೂ ಅಲ್ಲ, ಭೂತವೂ ಅಲ್ಲ. ಗೊತ್ತಿದ್ದೂ ನಾನು ಕೋಣೆಯಲ್ಲಿ ಒಬ್ಬಳೇ ಇದ್ದಾಗ ಹಳೆಯ ಟೇಪು ಹಚ್ಚಲು ಹಿಂಜರಿಯುತ್ತಿದ್ದೆ. ಹಗಲಾದರೂ ಅಷ್ಟೇ.

ಎಪ್ಪತ್ತರ ದಶಕದ ಮೊದಲಿಗೆ ನಮ್ಮ ಸ್ಟೇಷನ್ನಿನಲ್ಲಿ 'ಪಾಳುಬಾವಿಯ ಕರೆ' ಎಂಬ ನಾಟಕವಾಯಿತು. ಬರೆದವರು ಸೇಡಂನ ಒಬ್ಬ ಶಾಲಾ ಮಾಸ್ತರರು. ಊರ ಹೊರಗಿನ ಬತ್ತಿದ ಬಾವಿಯೊಳಗಿಂದ ಏನೋ ಕರೆಯುತ್ತದೆ, ಕರೆ ಕೇಳಿದವರು ಒಬ್ಬೊಬ್ಬರೇ ಊರು ಬಿಟ್ಟು ಹೋಗುತ್ತಾರೆ, ಇಷ್ಟೇ ಕಥೆ. ಅದಕ್ಕೆ ಸಂಗೀತ ಮಾಡಿದವರು ನಮ್ಮ ಎಂಜಿನಿಯರ್ ಮಾಧವರಾಯರು. ಚಿಂಚೋಳಿಯವರು, ಮಾತು ಕಮ್ಮಿ, ಟೇಪು ಕತ್ತರಿಸಿ ಜೋಡಿಸಲು ಜೇಬಿನಲ್ಲಿ ಸದಾ ಒಂದು ಬ್ಲೇಡು ಮತ್ತು ಅಂಟುಪಟ್ಟಿ. ಹಾರ್ಮೋನಿಯಂ ಬೇಡ, ತಬಲಾ ಬೇಡ, ಎಲ್ಲವನ್ನೂ ಯಂತ್ರದಿಂದಲೇ ಮಾಡುತ್ತೇನೆ ಎಂದು ಹಟ ಹಿಡಿದರು. ಪ್ರಸಾರದ ತಂತಿ ಸರಿಯಿದೆಯೇ ಎಂದು ನೋಡಲು ಇಟ್ಟಿದ್ದ, ಒಂದೇ ಸಮನೆ 'ಊಂ' ಎನ್ನುವ ಆಸಿಲೇಟರ್ ಯಂತ್ರವನ್ನು ಸ್ಟುಡಿಯೋಗೆ ಎಳೆದು ತಂದರು. ವಾಡಿ ಜಂಕ್ಷನ್ನಿಗೆ ಹೋಗಿ ರೈಲಿನ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದು ತಂದರು. ಟೇಪಿನ ತುದಿಗೆ ತುದಿ ಅಂಟಿಸಿ, ಆ ಸರವನ್ನು ಕುರ್ಚಿಯ ಕಾಲಿಗೆ ಸುತ್ತಿ, ಒಂದೇ ಸದ್ದು ಮತ್ತೆ ಮತ್ತೆ ತಿರುಗುವಂತೆ ಮಾಡಿದರು.

ಸಾಹೇಬರಿಗೆ ಹಿಗ್ಗೋ ಹಿಗ್ಗು. "ಮನುಷ್ಯರ ಕಂಠವನ್ನೇ ಮುಟ್ಟದ ವಿದ್ಯುತ್ ಸಂಗೀತ" ಎಂದು ನಾಟಕದ ಮೊದಲಿಗೇ ಘೋಷಣೆ ಮಾಡಿಸಿದರು. ಪ್ರಸಾರವಾದದ್ದು ಭಾನುವಾರ ಮಧ್ಯಾಹ್ನ, ಜನ ಉಂಡು ಕೂತಿರುವ ಹೊತ್ತು. ಬಾವಿಯ ಕರೆ ಬರುವ ಜಾಗದಲ್ಲಿ ಎಲ್ಲ ಸದ್ದೂ ನಿಂತು, ನೆಲದ ಅಡಿಯಿಂದ ಒಂದು ನರಳುವಿಕೆ ಏಳುತ್ತಿತ್ತು. ಅದನ್ನು ಏನೆಂದು ಹೇಳಲಿ? ಕಿವಿಗಿಂತ ಮೊದಲು ಹೊಟ್ಟೆಗೆ ತಟ್ಟುತ್ತಿತ್ತು. ಫೋನುಗಳು ಹೊಡೆದುಕೊಂಡವು. ಚಿತ್ತಾಪುರದ ವಕೀಲರೊಬ್ಬರು "ಅದೇನ್ರಿ ಅದು, ನಮ್ಮ ಎಮ್ಮಿ ಹಗ್ಗ ಹರಕೊಂಡು ಹೋಯ್ತು, ಎಮ್ಮಿ ಯಾರ್ ಹಿಡಕೊಂಡ್ ಬರಬೇಕು?" ಎಂದು ನನ್ನನ್ನೇ ಬೈದರು. ಮರುದಿನ ಸಾಹೇಬರ ಹಿಗ್ಗು ಇಳಿದಿತ್ತು. ಇದನ್ನು ಮತ್ತೆ ಪ್ರಸಾರ ಮಾಡಕೂಡದು ಎಂದು ಅಪ್ಪಣೆಯಾಯಿತು. ನಾನು ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಡಬ್ಬಿಯ ಮೇಲಿನ 'ಪಾಳುಬಾವಿಯ ಕರೆ'ಗೆ ಗೀಟು ಬಿದ್ದು, ಕೆಳಗೆ 'ತೊಗರಿಗೆ ಕಾಯಿಕೊರಕ ಹುಳುವಿನ ಬಾಧೆ' ಎಂದು ಬರೆದಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಹದಿನೈದು ವರ್ಷಕ್ಕೂ ಮೇಲೆ ಕಳೆದಿರಬೇಕು. ಸಾಹೇಬರುಗಳು ಬಂದು ಹೋದರು, ಕ್ಯಾಸೆಟ್ಟುಗಳು ಬಂದವು, ಮಾಧವರಾಯರು ನಿವೃತ್ತರಾಗಿ ಚಿಂಚೋಳಿ ಸೇರಿದರು. ಒಂದು ಬೆಳಿಗ್ಗೆ ತಾಯಿ, ಮಗಳು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ತಾಯಿಯ ಕೈಗಳು ಸುಣ್ಣದ ಕಲ್ಲು ಹೊತ್ತು ಬಿರಿದಿದ್ದವು. ಕುರ್ಚಿ ತೋರಿಸಿದರೂ ಕೂರದೆ ನೆಲದ ಮೇಲೆ ಕೂತು, ಹಾಸುಗಲ್ಲಿನ ಮೇಲೆ ಅಂಗೈ ಊರಿಕೊಂಡಳು. ಮಾತಾಡಿದ್ದು ಮಗಳು. ಹೆಸರು ಸುನಂದಾ, ಹದಿನೆಂಟರ ಹುಡುಗಿ.

"ನಾವು ಶಹಾಬಾದದವ್ರರಿ, ಬಾಯಾರ. ನಮ್ಮವ್ವಗ ಒಂದು ನಾಟಕ ಕೇಳಸಬೇಕ್ರಿ. ಪಾಳುಬಾವಿದು. ಅದರಾಗ ನಮ್ಮಪ್ಪನ ದನಿ ಐತಂತ್ರಿ."

"ನಿಮ್ಮಪ್ಪ ನಾಟಕದಾಗ ಪಾರ್ಟು ಮಾಡಿದ್ರೇನು?"

"ಇಲ್ರಿ. ಖಣ್ಯಾಗ ಕೂಗು ಹಾಕತಿದ್ರು."

ಆಗ ತಾಯಿ ಶಾಂತವ್ವ ಬಾಯಿ ತೆರೆದಳು. ಮೆತ್ತಗಿನ ದನಿ, ಆದರೆ ಒಂದು ಮಾತೂ ಅಲುಗಲಿಲ್ಲ. ಶಹಾಬಾದ ಮತ್ತು ವಾಡಿಯ ನಡುವಿನ ಸುಣ್ಣದ ಕಲ್ಲಿನ ಖಣಿಯಲ್ಲಿ, ಸೈರನ್ ಎಂಬುದೇ ಇನ್ನೂ ಬಂದಿರದ ಕಾಲದಲ್ಲಿ, ಮದ್ದಿಗೆ ಬೆಂಕಿ ಹಚ್ಚುವ ಮೊದಲು ಒಬ್ಬ ಆಳು ಮೂರು ಸಲ ಕೂಗುತ್ತಿದ್ದ. ಮೊದಲ ಕೂಗಿಗೆ ಖಣಿಯೊಳಗಿನವರು ಮೇಲೆ ಬರಬೇಕು. ಎರಡನೆಯದಕ್ಕೆ ದಾರಿಯ ಬಂಡಿ, ದನ ನಿಲ್ಲಬೇಕು. ಮೂರನೆಯದಕ್ಕೆ ಖಣಿಯ ಮಗ್ಗುಲಿನ ಓಣಿಯ ಹೆಂಗಸರು ನೆಲುವಿನಲ್ಲಿ ತೂಗುಹಾಕಿದ, ಕಟ್ಟೆಯ ಮೇಲಿಟ್ಟ ಕೊಡಗಳನ್ನು ನೆಲಕ್ಕೆ ಇಳಿಸಿ ಮಕ್ಕಳ ಕಿವಿ ಮುಚ್ಚಬೇಕು. ಆಮೇಲೆ ಮದ್ದು ಹಾರುತ್ತಿತ್ತು. ಆ ಖಣಿಗೆ ಕೂಗು ಹಾಕುತ್ತಿದ್ದವನು ಅವಳ ಗಂಡ. ಒಂದು ದಿನ ಹಾರದೆ ಉಳಿದ ಮದ್ದನ್ನು ನೋಡಲು ಇಳಿದವನ ಮೇಲೆ ಅದು ಹಾರಿತು.

"ಅವರು ಹೋಗಿ ಇನ್ನಾ ತಿಂಗಳಾಗಿದ್ದಿಲ್ರಿ. ಓಣಿ ಹೋಟೆಲದವ ರೇಡಿಯೋ ಹಚ್ಚಿದ್ದ. ಅದರಾಗ ಅವರು ಕೂಗಿದ್ರು. ಒಂದು. ಎರಡು. ಮೂರನೇದಕ್ಕ ನಾ ಎದ್ದೆ, ಕೊಡ ಇಳಿಸಿದೆ, ಇಕಿ ಕಿವಿ ಮುಚ್ಚಿದೆ. ಮಂದಿ ಮೊದಲ ನಕ್ಕರು, ಆಮ್ಯಾಲ ಅಂಜಿದ್ರು. ಶಾಂತವ್ವಗ ಗಾಳಿ ಹೊಕ್ಕೈತಿ ಅಂದ್ರು. ನಾ ಹೇಳಿದೆ, ಅವರೇ ಕೂಗಿದ್ರು ಅಂತ. ಇವತ್ತಿಗೂ ಅದನ್ನ ಹೇಳತೀನಿ."

ಮೈದುನ ಭೀಮಶ್ಯಾ ಅವಳನ್ನು ತಿರುಗಿಸದ ಗುಡಿಯಿಲ್ಲ, ದರ್ಗಾ ಇಲ್ಲ. ನಿಂಬೆಹಣ್ಣು, ಬೇವಿನ ಬರಲಿನ ಏಟು, ಕಾಸಿದ ಬರೆ, ಎಲ್ಲ ಆಗಿತ್ತು. ಮುಂಗೈಯ ಮೇಲಿನ ಕಲೆ ನಾನೇ ನೋಡಿದೆ. ಈಗ ಸುನಂದಾಳಿಗೆ ಸುಲೇಪೇಟದಿಂದ ಸಂಬಂಧ ಬಂದಿತ್ತು. ಅವರ ಹಿರಿಯರ ಕಿವಿಗೆ ತಾಯಿಯ ಸುದ್ದಿ ಬಿದ್ದಿತ್ತು. ಬರುವ ಸೋಮವಾರ ಅವರು ಬಂದಾಗ, ರೇಡಿಯೋದಲ್ಲಿ ಕೇಳಿದ್ದು ಸುಳ್ಳು ಎಂದು ಶಾಂತವ್ವ ತನ್ನ ಬಾಯಿಂದ ಹೇಳಬೇಕು. ಹೇಳದಿದ್ದರೆ ಹುಚ್ಚರನ್ನು ಕಂಬಕ್ಕೆ ಕಟ್ಟುವ ಒಂದು ಗುಡಿಯಲ್ಲಿ ಬಿಟ್ಟು ಬರುತ್ತೇನೆ ಎಂದು ಭೀಮಶ್ಯಾ ಗಟ್ಟಿ ಮಾಡಿದ್ದ.

"ಹೇಳಿಬಿಡು ತಾಯಿ, ಒಂದು ಮಾತಿನಾಗ ಏನದ?" ಎಂದೆ ನಾನು. ಜಾಣತನ ಮಾಡಿದೆ ಎಂದುಕೊಂಡೆ.

"ಅವ್ವ ಹೇಳಂಗಿಲ್ರಿ," ಎಂದು ಸುನಂದಾ ಅಳಲು ಶುರು ಮಾಡಿದಳು. "ನಾನೂ ಕಾಲ್ ಹಿಡದೀನಿ. ಹೇಳಂಗಿಲ್ಲ."

ಶಾಂತವ್ವ ಮಗಳ ತಲೆ ಸವರಿದಳು. "ಸತ್ತಾಂವ ಬಂದು ಕೂಗ್ಯಾನ. ಕೇಳಿಲ್ಲ ಅಂತ ಹೆಂಗ ಹೇಳಲಿ?"

"ತಾಯಿ, ಆ ಸದ್ದು ಮನಷ್ಯಾಂದಲ್ಲ. ನಾ ಅಲ್ಲೇ ಇದ್ದೆ. ಯಂತ್ರದಾಗ ಮಾಡಿದ್ದು ಅದು."

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. "ಯಂತ್ರಕ್ಕ ಉಸುರು ಎಲ್ಲಿಂದ ಬರತೈತ್ರಿ, ಬಾಯಾರ? ಅದು ಕೂಗಿಗೂ ಕೂಗಿಗೂ ನಡುವ ಉಸುರು ನುಂಗತಿತ್ತು."

ಹೌದು, ನುಂಗುತ್ತಿತ್ತು. ಪ್ರಸಾರದ ದಿನ ನಾನೂ ಅದನ್ನು ಕೇಳಿದ್ದೆ, ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಅವರನ್ನು ಬಸ್ಸಿಗೆ ಕಳಿಸಿ ಆ ಡಬ್ಬಿ ಹುಡುಕಿದೆ. ಹುಳು ಪ್ರತಿವರ್ಷ ಬರುವುದರಿಂದ ತೊಗರಿಯ ಆ ಕಾರ್ಯಕ್ರಮವನ್ನು ಯಾರೂ ಅಳಿಸಿರಲಿಲ್ಲ, ಅದರಲ್ಲಿ ಇನ್ನೂ ಇತ್ತು. ಯಂತ್ರದ ಮೇಲೆ ಅವಸರದಲ್ಲಿ ತಿರುಗಿಸಿದರೆ ಸಣ್ಣ ದನಿ ಅಳಿಯುತ್ತದೆ, ದಪ್ಪ ದನಿ ಪೂರ್ತಿ ಅಳಿಯುವುದಿಲ್ಲ. ಇದು ನಮ್ಮ ಕೋಣೆಯವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಕೃಷಿ ಅಧಿಕಾರಿಗಳು ಹುಳುವಿನ ಮೊಟ್ಟೆಯ ವಿಷಯ ಹೇಳುತ್ತಿದ್ದರು. ಅವರ ಮಾತಿನ ಅಡಿಯಲ್ಲಿ, ಬಹಳ ಕೆಳಗೆ, ಅದು ಎದ್ದಿತು. ನರಳಿತು. ನಿಂತಿತು. ಉಸಿರು ನುಂಗಿತು. ಮತ್ತೆ ನರಳಿತು. ಅಧಿಕಾರಿಗಳು ಔಷಧಿ ಸಿಂಪಡಿಸುವ ಬಗ್ಗೆ ಹೇಳುತ್ತಲೇ ಇದ್ದರು. ನಾನು ಹೆಡ್‌ಫೋನ್ ಕಿತ್ತೆಸೆದು ಹೊರಗೆ ಓಡಿ ಬಂದು ಬಿಸಿಲಲ್ಲಿ ನಿಂತುಕೊಂಡೆ. ಸುಳ್ಳು ಏಕೆ ಹೇಳಲಿ, ಅಂಜಿಕೆಯಾಯಿತು.

ಇಷ್ಟು ಸಾಲದು, ಮೂಲ ಬೇಕು. ಆಗಿನ ಸಾಹೇಬರ ಹತ್ತಿರ ಹೋದೆ. "ಹಳೆ ನಾಟಕ ಹುಡುಕೋಕೆ ಜೀಪ್ ಕೊಡೋಕಾಗಲ್ಲ ಸುಶೀಲಾಬಾಯಿ. ಜನಪದ ಹಾಡಾದ್ರೆ ಬೇರೆ ಮಾತು," ಎಂದರು. "ಚಿಂಚೋಳ್ಯಾಗ ಬೀಸುಕಲ್ಲಿನ ಪದ ಭಾಳ ಚಲೋ ಹಾಡ್ತಾರ್ರಿ, ಸಾಹೇಬ್ರ," ಎಂದು ಅಲ್ಲೇ ತಿರುಗಿಸಿದೆ. ಜೀಪ್ ಸಿಕ್ಕಿತು. ಪಾಪ ಬರಬಾರದೆಂದು ದಾರಿಯಲ್ಲಿ ಎರಡು ಬೀಸುಕಲ್ಲಿನ ಪದವನ್ನೂ ರೆಕಾರ್ಡು ಮಾಡಿಕೊಂಡೆ.

ಮಾಧವರಾಯರು ಅಂಗಳದಲ್ಲಿ ಹುರಿಹಗ್ಗದ ಮಂಚದ ಮೇಲೆ ಕೂತಿದ್ದರು. "ಬರ್ರಿ ಬರ್ರಿ, ಕುಂದ್ರಿ" ಎಂದು ಖುಷಿಪಟ್ಟರು. ನಾನು ಹೆಚ್ಚು ಮಾತಾಡದೆ ರೆಕಾರ್ಡರು ತೆಗೆದು ಆ ತೊಗರಿಯ ಟೇಪು ಹಚ್ಚಿದೆ. ಕೆಳಗಿನ ನರಳುವಿಕೆ ಏಳುತ್ತಿದ್ದಂತೆ ಅವರು ಕೈ ಅಡ್ಡ ಹಿಡಿದರು.

"ಬಂದ್ ಮಾಡ್ರಿ ಅದನ್ನ."

"ಅದು ಏನು ರಾಯರ? ಯಂತ್ರವೋ, ಮನಷ್ಯಾನೋ?"

ಅವರು ತಾವೇ ಕೈ ಚಾಚಿ ಯಂತ್ರ ನಿಲ್ಲಿಸಿದರು. "ಮನಷ್ಯಾ," ಎಂದರು. "ಖಣ್ಯಾಗ ಒಬ್ಬಾಂವ ಕೂಗು ಹಾಕ್ಲಿಕತ್ತಿದ್ದ. ಅಂಥಾ ಕಂಠ ನಾ ಮತ್ತ ಕೇಳಿಲ್ಲ. ರೆಕಾರ್ಡ್ ಮಾಡ್ಕೊಂಡೆ. ಅರ್ಧ ವೇಗಕ್ಕ ಇಳಿಸಿದೆ, ಅದನ್ನ ಮತ್ತ ಅರ್ಧಕ್ಕ ಇಳಿಸಿದೆ. ಆಸಿಲೇಟರ್ ಕೂಡಿಸಿದೆ. ಕೂಗು ಹೋಗಿ ಅದಾತು."

"ಹೇಳಲಿಲ್ಲ ಯಾಕ?"

"ಹೆಂಗ ಹೇಳಲಿ? ಕರಾರಿಗೆ ಸಹಿ ಇಲ್ಲದ ದನಿ ಪ್ರಸಾರ ಮಾಡಬಾರದಂತ ಕಾಯ್ದೆ. ಸಾಹೇಬ್ರು ಆಗಲೇ ಮನುಷ್ಯರ ಕಂಠ ಇಲ್ಲ ಅಂತ ಡಂಗುರ ಹೊಡಿಲಿಕತ್ತಿದ್ರು. ಪ್ರಸಾರಕ್ಕಿಂತ ಮೊದಲ ಹೋಗಿ ಅವನ ಹೆಬ್ಬಟ್ಟು ತರೋಣ ಅಂತ ಖಣಿಗೆ ಹೋದೆ. ಹೋದ್ರ ಆಂವ ಅದೇ ವಾರ ಸತ್ತಿದ್ದ. ಸತ್ತವನ ಹೆಬ್ಬಟ್ಟು ಎಲ್ಲಿಂದ ತರಲಿ, ಸುಶೀಲಾಬಾಯಿ?"

ಶಾಂತವ್ವನ ಕಥೆ ಹೇಳಿದೆ. ಮುಂಗೈಯ ಬರೆಯ ಮಾತು ಬಂದಾಗ ಅವರು ಎದ್ದು ಒಳಗೆ ಹೋದರು. ಜೋಳದ ಕಣಜಕ್ಕೆ ಮೊಳಕೈಯ ತನಕ ಕೈ ಇಳಿಸಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಸುರುಳಿ ಹೊರಗೆ ತೆಗೆದರು. ನಾಟಕದ ಮಾತುಗಳಿಲ್ಲ, ಬರೀ ಸಂಗೀತದ ಟೇಪು. ಬಿಸಾಡಲೂ ಧೈರ್ಯವಿಲ್ಲ, ಕೇಳಲೂ ಧೈರ್ಯವಿಲ್ಲ, ಇಷ್ಟು ವರ್ಷ ಜೋಳದಲ್ಲಿ ಹುಗಿದಿಟ್ಟಿದ್ದರಂತೆ. ಮೇಲಿನ ಜೋಳವನ್ನು ಮನೆಯವರು ಪ್ರತಿವರ್ಷ ಉಂಡಿದ್ದರು, ತಳ ಮುಟ್ಟಲು ಇವರು ಬಿಟ್ಟಿರಲಿಲ್ಲ.

ರಾಯರನ್ನೂ ಜೀಪಿಗೆ ಹತ್ತಿಸಿಕೊಂಡು ಬಂದೆ. ಸ್ಟುಡಿಯೋದಲ್ಲಿ ಎರಡು ಯಂತ್ರ ಎದುರುಬದರು ಇಟ್ಟರು. ಮೊದಲು ಇದ್ದ ಹಾಗೆ ಕೇಳಿದೆವು: ನೆಲದಡಿಯ ಆ ನರಳುವಿಕೆ. ನಂತರ ವೇಗ ದುಪ್ಪಟ್ಟು ಮಾಡಿ ಇನ್ನೊಂದಕ್ಕೆ ಇಳಿಸಿದರು: ನರಳುವಿಕೆ ಹೋಗಿ ಎತ್ತು ಗೋಳಿಟ್ಟಂತಾಯಿತು. ಅದನ್ನೂ ದುಪ್ಪಟ್ಟು ಮಾಡಿದರು. ಆಸಿಲೇಟರಿನ ಸದ್ದು ಸೊಳ್ಳೆಯ ಗುಂಯ್‌ಗುಡುವಿಕೆಯಾಗಿ ಮೇಲೆ ಹೋಯಿತು. ಅದರ ಕೆಳಗಿಂದ, ಬಿಸಿಲಲ್ಲಿ ನಿಂತ ಗಂಡಸೊಬ್ಬನ ತುಂಬು ಕಂಠ ಸ್ಟುಡಿಯೋದೊಳಗೆ ಬಂದು ನಿಂತಿತು.

"ಹೋ... ಓ... ಮದ್ದೈತ್ರಪ್ಪೋ... ಸರೀರ್ರಿ..."

ಉಸಿರು ನುಂಗಿದ ಸದ್ದು. ಮತ್ತೆ, "ಹೋ... ಓ... ಮದ್ದೈತ್ರಪ್ಪೋ... ಸರೀರ್ರಿ..." ಹಿಂದೆ ಎಲ್ಲೋ ಒಂದು ಕಾಗೆ, ಒಂದು ಸುತ್ತಿಗೆಯ ಟಣ್. ಅವನು ಇಲ್ಲೇ ಇದ್ದಾನೆ ಅನ್ನಿಸಿತು. ನಾನು ಬಾಗಿಲ ಕಡೆ ತಿರುಗಿ ನೋಡಿದ್ದೂ ನಿಜ. ಮೂರನೆಯದಕ್ಕೆ ಕಾದೆವು. ಬರೀ ಟೇಪಿನ ಸರಸರ. ಮೂರನೆಯದು ಬರಲೇ ಇಲ್ಲ.

"ಎರಡೇ ಸಿಕ್ಕಿದ್ದು," ಎಂದರು ರಾಯರು. "ಮೂರನೇದಕ್ಕ ಬ್ಯಾಟರಿ ಹೋಗಿತ್ತು. ನಾಟಕದಾಗೂ ಎರಡೇ ಅವ."

"ಶಾಂತವ್ವ ಮೂರು ಕೇಳೀನಿ ಅಂತಾಳಲ್ರಿ!"

ರಾಯರು ಜೇಬಿನಿಂದ ಬ್ಲೇಡು ತೆಗೆದರು. "ಏನ್ ಮಹಾ ಕೆಲಸ? ಮೊದಲನೇದನ್ನ ಇನ್ನೊಂದು ಪ್ರತಿ ತಗೊಂಡು ಕಡೀಕ ಅಂಟಿಸಿದ್ರ ಮೂರಾತು. ಯಾರಿಗೂ ತಿಳ್ಯಂಗಿಲ್ಲ."

ಆಸೆಯಾಯಿತು ನನಗೆ. ಎರಡು ಅಂಟು, ಒಂದು ಬೆರಳಿನ ಒತ್ತು, ಆ ಹೆಂಗಸು ಕಂಬದಿಂದ ಪಾರು. ನಮ್ಮ ಕೆಲಸದಲ್ಲಿ ದಿನಾ ಮಾಡುವುದು ಇದನ್ನೇ ಅಲ್ಲವೇ? ತೊದಲಿದವರ ತೊದಲು ತೆಗೆಯುತ್ತೇವೆ, ಕೆಮ್ಮಿದವರ ಕೆಮ್ಮು ತೆಗೆಯುತ್ತೇವೆ. ಆದರೆ ಬಾಯಿಂದ ಬಂದದ್ದು ಬೇರೆ. "ಬ್ಯಾಡ್ರಿ ರಾಯರ. ಮಗಳ ಮದವಿ ಸಲುವಾಗಿನೂ ಆಕಿ ಸುಳ್ಳ ಹೇಳವಲ್ಲಳು. ಆಕಿ ಸಲುವಾಗಿ ನಾವು ಸುಳ್ಳ ಹೇಳಿದ್ರ ಹೆಂಗ? ಇದ್ದದ್ದು ಇದ್ದಂಗ ಹಚ್ಚೋಣ." ರಾಯರು ಬ್ಲೇಡು ಒಳಗಿಟ್ಟರು. ಮಾತು ಆಡಿದ್ದೇನೋ ಆಡಿದೆ, ಸೋಮವಾರದ ತನಕ ನನಗೆ ಊಟ ಸೇರಲಿಲ್ಲ.

ಸೋಮವಾರ ರಜೆ ಹಾಕಿ, ರೆಕಾರ್ಡರು ಮತ್ತು ಒಂದು ಸ್ಪೀಕರು ಹೊತ್ತುಕೊಂಡು ಇಬ್ಬರೂ ಶಹಾಬಾದಕ್ಕೆ ಹೋದೆವು. ಆ ಓಣಿಯಲ್ಲಿ ಗೋಡೆಯೂ ಹಾಸುಗಲ್ಲೇ, ಚಾವಣಿಯೂ ಹಾಸುಗಲ್ಲೇ. ಬಿಳಿ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಓಣಿಯ ಬೆನ್ನಿಗೇ ಹಳೆಯ ಖಣಿ. ಕೆಲಸ ನಿಂತು ಎಷ್ಟೋ ವರ್ಷವಾಗಿ ಹಸಿರು ನೀರು ತುಂಬಿತ್ತು. ನೀರಿನ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಮನೆಯ ಮುಂದಿನ ಜಮಖಾನೆಯ ಮೇಲೆ ಸುಲೇಪೇಟದ ಹಿರಿಯರು ಕೂತಿದ್ದರು. ಅವರ ಮುಂದೆ ಇಟ್ಟ ತಂಬಿಗೆಯ ನೀರು ಹಾಗೇ ಇತ್ತು. ಸಂಬಂಧ ಒಪ್ಪಿಗೆಯಾಗುವ ತನಕ ಹೆಣ್ಣಿನ ಮನೆಯ ನೀರು ಮುಟ್ಟುವ ಪದ್ಧತಿ ಅವರಲ್ಲಿಲ್ಲ. ಓಣಿಯ ಜನವೆಲ್ಲ ಸೇರಿತ್ತು. ಭೀಮಶ್ಯಾ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಮ್ಮನ್ನು ಕೆಕ್ಕರಿಸಿ ನೋಡಿದ.

"ಏನ್ ತಮಾಷಿ ಹಚ್ಚೀರಿ ಬಾಯಾರ? ಇಕಿ ಹುಚ್ಚಿಗೆ ನೀವೂ ತಾಳ ಹಾಕಾಕ ಬಂದೀರೇನು?"

"ಕೇಳಿ ಆಮ್ಯಾಲ ಬೈಯಪ್ಪ," ಎಂದೆ.

ಶಾಂತವ್ವ ಬಾಗಿಲಿಗೆ ಒರಗಿ ಕೂತಿದ್ದಳು, ಅಂಗೈ ಕಲ್ಲಿನ ಮೇಲೆ. ಮೊದಲು ರೇಡಿಯೋದಲ್ಲಿ ಬಂದ ಹಾಗೆಯೇ ಹಚ್ಚಿದೆ. ಕಲ್ಲಿನ ಗೋಡೆಗಳ ನಡುವೆ ಆ ನರಳುವಿಕೆ ಎದ್ದಾಗ ಮಕ್ಕಳು ತಾಯಂದಿರ ಸೀರೆ ಹಿಡಿದವು. "ಇದು ಮನಷ್ಯಾನ ದನಿಯೇನ್ರಿ?" ಎಂದು ಹಿರಿಯರು ಮುಖ ಸಿಂಡರಿಸಿದರು. ಭೀಮಶ್ಯಾ ಗೆದ್ದವನಂತೆ ಸುತ್ತ ನೋಡಿದ. ರಾಯರು ಟೇಪು ಬದಲಿಸಿದರು.

"ಹೋ... ಓ... ಮದ್ದೈತ್ರಪ್ಪೋ... ಸರೀರ್ರಿ..."

ಖಣಿಯ ನೀರಿನ ಆಚೆಯ ಗೋಡೆಗೆ ಬಡಿದ ಕೂಗು ನಿಧಾನವಾಗಿ, ದಪ್ಪವಾಗಿ ತಿರುಗಿ ಬಂತು. ಬಂದದ್ದು ಹೆಚ್ಚುಕಡಿಮೆ ಆ ನರಳುವಿಕೆಯೇ. ಹದಿನೈದು ವರ್ಷದ ಹಿಂದೆ ಶಾಂತವ್ವ ಹೇಗೆ ಗುರುತು ಹಿಡಿದಳೆಂದು ಆಗ ನನಗೆ ತಿಳಿಯಿತು. ದಿನಾ ಅವಳ ಮನೆಯ ಕಲ್ಲಿನೊಳಗೆ ಬರುತ್ತಿದ್ದದ್ದು ಅದೇ. ಒಬ್ಬ ಮುದುಕಿ "ಅಯ್ಯ, ಅವನ ಕೂಗವ್ವ ಇದು" ಎಂದಳು.

ಎರಡನೆಯ ಕೂಗು. ಉಸಿರು ನುಂಗಿದ ಸದ್ದು.

ಆಮೇಲೆ ಟೇಪು ಮುಗಿಯಿತು. ಸುರುಳಿಯ ತುದಿ ಕಳಚಿ ಪಟಪಟ ಹೊಡೆದುಕೊಂಡಿತು, ರಾಯರು ಯಂತ್ರ ನಿಲ್ಲಿಸಿದರು. ಸರಿ, ಕೆಟ್ಟೆವು, ಎರಡೇ ಇವೆ ಎಂದು ಈಗ ಜಗಳ ತೆಗೆಯುತ್ತಾರೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಯಾವುದೋ ಕೊಡ ಕಲ್ಲಿಗೆ ತಾಗಿದ ಸದ್ದು ಕೇಳಿ ಕಣ್ಣು ಬಿಟ್ಟೆ. ಮೂರನೆಯ ಕೂಗೂ ಕೇಳಿದವಳಂತೆ ಎದುರು ಮನೆಯ ಹೆಂಗಸು ಕಟ್ಟೆಯ ಮೇಲಿನ ಕೊಡ ನೆಲಕ್ಕೆ ಇಳಿಸಿದ್ದಳು. ಪಕ್ಕದ ಮನೆಯವಳೂ ಇಳಿಸಿದಳು. ಓಣಿಯುದ್ದಕ್ಕೂ ಹೆಂಗಸರು ಎದ್ದಿದ್ದರು. ಕೊಡಗಳು ಒಂದಾದ ಮೇಲೊಂದು ಇಳಿದವು, ಕೈಗಳು ಮಕ್ಕಳ ಕಿವಿಗೆ ಹೋದವು. ಮುದುಕರು ಗೋಡೆಯ ಮರೆಗೆ ಕುಕ್ಕರಗಾಲಲ್ಲಿ ಕೂತಿದ್ದರು. ಭೀಮಶ್ಯಾನ ಎರಡೂ ಅಂಗೈ ಮೊಮ್ಮಗನ ಕಿವಿಗಳ ಮೇಲಿದ್ದವು. ಎಲ್ಲರೂ ಖಣಿಯ ಕಡೆ ನೋಡುತ್ತ ಕಾಯುತ್ತಿದ್ದರು. ನಾನೂ ಕಾದೆ. ಹಾರಬೇಕಾದದ್ದು ಹಾರಲಿಲ್ಲ. ಓಣಿಯ ಹೆಂಗಸರಲ್ಲಿ ಕೂತಲ್ಲೇ ಕೂತಿದ್ದವಳು ಶಾಂತವ್ವ ಒಬ್ಬಳೇ.

ಸುಲೇಪೇಟದ ಹಿರಿಯರಿಗೆ ಏನೂ ತಿಳಿಯಲಿಲ್ಲ. "ಟೇಪು ನಿಂತೇ ಹೋತಲ್ರಿ. ಎಲ್ಲಾರೂ ಯಾಕ ಎದ್ರಿ?"

ಭೀಮಶ್ಯಾ ತನ್ನ ಕೈಗಳನ್ನೇ ನೋಡುತ್ತಿದ್ದ, ತೆಗೆಯಲು ಅವನಿಂದ ಆಗುತ್ತಿರಲಿಲ್ಲ.

"ನಮ್ಮ ಮನೆಯವ್ರು ಕೂಗಿದ್ರು, ಅದಕ್ಕ," ಎಂದಳು ಶಾಂತವ್ವ.

ಹಿರಿಯರು ಅವಳನ್ನು ನೋಡಿದರು, ನೆಲಕ್ಕಿಳಿದ ಕೊಡಗಳನ್ನು ನೋಡಿದರು. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ರುಮಾಲು ಸರಿಮಾಡಿಕೊಂಡು, ಮುಂದಿದ್ದ ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿ, ಖಾಲಿ ತಂಬಿಗೆಯನ್ನು ಅವಳ ಕಡೆ ಚಾಚಿದರು.

"ಈ ನೀರು ಬಿಸಲಿಗೆ ಕಾದಾವ, ತಂಗಿ. ನಿನ್ನ ಕೊಡದಾಗಿನ ತಣ್ಣನ್ನ ನೀರು ಕೊಡು."